ಕಾಯುವುದನ್ನು ಕಲಿಸಿದ ಒಲೆ

“ತಡಿಯೋ, ಎಣ್ಣೆ ಇನ್ನೂ ಕಾದಿಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅಮ್ಮ ಹೇಳಿದಳು. ಸಾಸಿವೆ ಹಿಡಿದಿದ್ದ ನನ್ನ ಕೈ ಹಾಗೇ ನಿಂತಿತು. ಅವಳು ಕೂತ ಜಾಗದಿಂದ ಒಲೆ ಕಾಣುವುದಿಲ್ಲ, ಒಗ್ಗರಣೆ ಸೌಟಂತೂ ಕಾಣುವುದೇ ಇಲ್ಲ. ಲೈಟರ್ ಸದ್ದಾಗಿ ಎಷ್ಟು ಹೊತ್ತಾಯಿತು ಎಂಬ ಲೆಕ್ಕ ಅವಳ ಕಿವಿಯಲ್ಲಿತ್ತು. ಸ್ವಲ್ಪ ಬಿಟ್ಟು “ಈಗ ಹಾಕು” ಎಂದಳು. ಸಾಸಿವೆ ಚಟಪಟ ಸಿಡಿಯಿತು. ಸದ್ದು ತಗ್ಗುತ್ತಿದ್ದ ಹಾಗೆ “ಇಂಗು” ಎಂದಳು, ಆಮೇಲೆ “ಕರಿಬೇವು”. ಸೌಟನ್ನು ಸಾರಿನೊಳಗೆ ಅದ್ದಿ ತಟ್ಟೆ ಮುಚ್ಚಿದೆ. ಘಮ ಹಜಾರ ದಾಟಿ ಬೀದಿ ಬಾಗಿಲವರೆಗೂ ಹೋಯಿತು.

ಇದು ಎರಡು ವರ್ಷದ ಹಿಂದಿನ ಮಾತು. ಬಚ್ಚಲಲ್ಲಿ ಜಾರಿ ಬಿದ್ದ ಅಮ್ಮನಿಗೆ ಸೊಂಟದ ಶಸ್ತ್ರಚಿಕಿತ್ಸೆಯಾಗಿತ್ತು. ಒಲೆಯ ಮುಂದೆ ನಿಲ್ಲುವುದು ಸದ್ಯಕ್ಕೆ ಬೇಡ ಎಂದು ವೈದ್ಯರು ಹೇಳಿದ್ದರು. ಹೆಂಡತಿ ಬೆಳಿಗ್ಗೆ ಏಳೂವರೆಗೇ ಶಾಲೆಗೆ ಹೊರಡುವವಳು. ಹಾಗಾಗಿ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಮಧ್ಯಾಹ್ನದ ಅಡುಗೆ ನನ್ನ ಪಾಲಿಗೆ ಬಂತು. ಅಲ್ಲಿಯವರೆಗೆ ಕಾಫಿ ಬೆರೆಸುವುದು ಬಿಟ್ಟರೆ ನನಗೆ ಒಲೆಯ ಜೊತೆ ವ್ಯವಹಾರವಿರಲಿಲ್ಲ. ಕರ್ತವ್ಯವೆಂದು ಶುರುಮಾಡಿದ ಕೆಲಸ ಯಾವಾಗ ಪ್ರೀತಿಯಾಯಿತು ಎಂದು ಕೇಳಿದರೆ ದಿನವನ್ನೇ ತೋರಿಸಬಲ್ಲೆ. ಅಮ್ಮ ಅನ್ನಕ್ಕೆ ಸಾರು ಕಲಸಿ ಎರಡು ತುತ್ತು ಉಂಡು, ತಲೆ ಎತ್ತದೆ, “ಇನ್ನೊಂದು ಸೌಟು ಹಾಕು” ಎಂದ ದಿನ.

ಮುಂದಿನ ಪಾಠ ಸಾರಿನ ಪುಡಿಯದು. ಎಲ್ಲವನ್ನೂ ಒಂದೇ ಬಾಣಲೆಗೆ ಸುರಿದು ಹುರಿದರೆ ಬೇಗ ಮುಗಿಯುತ್ತದೆ ಎಂದುಕೊಂಡಿದ್ದೆ. ಅಮ್ಮ ಬಿಡಲಿಲ್ಲ. ಧನಿಯಾ ಬೇರೆ, ಜೀರಿಗೆ ಬೇರೆ, ಮೆಣಸು ಬೇರೆ. ಒಂದೊಂದಕ್ಕೂ ಅದರದೇ ಹೊತ್ತು. ಮೆಂತ್ಯ ಕೆಂಪಗಾಗುವುದಕ್ಕೂ ಕಪ್ಪಾಗುವುದಕ್ಕೂ ನಡುವೆ ಇರುವುದು ಕೆಲವೇ ಕ್ಷಣ. ಅದು ತಪ್ಪಿದರೆ ಡಬ್ಬಿ ಪೂರ್ತಿ ಕಹಿ. ಬ್ಯಾಡಗಿ ಮೆಣಸಿನಕಾಯಿಗೆ ಒಂದು ತೊಟ್ಟು ಎಣ್ಣೆ ಸಾಕು, ಉಬ್ಬಿ ಗರಿಗರಿಯಾಗಬೇಕು, ಬಣ್ಣ ಮಾತ್ರ ಕೆಡಬಾರದು. ಉರಿ ಸಣ್ಣದಿರಬೇಕು, ಕೈ ಆಡುತ್ತಿರಬೇಕು, ಕಣ್ಣು ಬಾಣಲೆಯ ಮೇಲಿರಬೇಕು. ಆ ಇಪ್ಪತ್ತು ನಿಮಿಷ ಫೋನು ಮೇಜಿನ ಮೇಲೆ ಬಿದ್ದಿತ್ತು, ನನಗೆ ಅದರ ನೆನಪೂ ಬರಲಿಲ್ಲ.

ಆಗ ಹೊಳೆದದ್ದು ನಮ್ಮ ಭಾಷೆಯ ಒಂದು ಪುಟ್ಟ ಪದ. ಕಾಯುವುದು. ಎಣ್ಣೆ ಕಾಯುತ್ತದೆ, ಕಾವಲಿ ಕಾಯುತ್ತದೆ. ಅದು ಕಾಯುವವರೆಗೆ ನಾವು ಕಾಯುತ್ತೇವೆ. ಹಾಲು ಉಕ್ಕದಂತೆ, ತಳ ಹಿಡಿಯದಂತೆ ಒಲೆಯನ್ನು ಕಾಯುತ್ತೇವೆ. ಬಿಸಿಯಾಗುವುದು, ತಾಳಿ ನಿಲ್ಲುವುದು, ಕಾಪಾಡುವುದು ಎಲ್ಲಕ್ಕೂ ಕನ್ನಡ ಒಂದೇ ಪದವನ್ನು ಇಟ್ಟುಕೊಂಡಿದೆ. ಒಲೆಯ ಮುಂದೆ ನಿಂತವನಿಗೆ ಈ ಮೂರೂ ಬೇರೆ ಬೇರೆ ಎನಿಸುವುದೇ ಇಲ್ಲ.

ಸಾರು, ಪಲ್ಯ, ಹುಳಿ ಕೈಗೆ ಹತ್ತಿದ ಮೇಲೆ ಕೇಕ್ ಮಾಡುವ ಆಸೆ ಬಂತು. ನಮ್ಮ ಬಾಲ್ಯದಲ್ಲಿ ಬ್ರೆಡ್ಡು ಮನೆಗೆ ಬರುತ್ತಿದ್ದದ್ದು ಜ್ವರ ಬಂದಾಗ. ಬನ್ನು, ಕೇಕು ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿರುತ್ತಿದ್ದವು. ಬೇಕಿಂಗ್ ಎಂದರೆ ಹೊರಗಿನವರು ಮಾಡುವ ಕೆಲಸ ಎಂದೇ ತಿಳಿದಿದ್ದೆವು. ಆದರೆ ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಬಿ.ಬಿ. ಬೇಕರಿ ತೆರೆದ ತಿರುಮಲಾಚಾರ್ ಅವರೂ ಹಾಸನದ ಕಡೆಯಿಂದ ಬಂದು ಸಿಹಿತಿಂಡಿ ಮಾರುತ್ತಿದ್ದವರು. ಅಂಗಡಿಗೆ ಬರುತ್ತಿದ್ದ ಒಬ್ಬ ಆಂಗ್ಲನಿಂದ ಬ್ರೆಡ್ ಮಾಡುವುದನ್ನು ಕಲಿತರೆಂದು ಹೇಳುತ್ತಾರೆ. ಇಂದು ಊರೂರಲ್ಲಿ ಕಾಣುವ ಅಯ್ಯಂಗಾರ್ ಬೇಕರಿಗಳ ಪರಂಪರೆ ಶುರುವಾದದ್ದು ಹೀಗೆ, ಗೊತ್ತಿಲ್ಲದ್ದನ್ನು ಕಲಿಯಲು ಹೊರಟ ಒಬ್ಬರಿಂದ.

ನಮ್ಮ ಮನೆಯಲ್ಲಿ ಓವನ್ ಇರಲಿಲ್ಲ, ಕುಕ್ಕರ್ ಇತ್ತು. ಗ್ಯಾಸ್ಕೆಟ್ ಮತ್ತು ವೆಯ್ಟ್ ತೆಗೆದಿಟ್ಟು, ತಳಕ್ಕೆ ಕಲ್ಲುಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯಿಸಿದೆ. ಒಂದೂವರೆ ಲೋಟ ಗೋಧಿಹಿಟ್ಟು, ಮುಕ್ಕಾಲು ಲೋಟ ಬೆಲ್ಲದ ಪುಡಿ, ಎರಡು ಪಚ್ಚಬಾಳೆಹಣ್ಣು, ಅರ್ಧ ಲೋಟ ಮೊಸರು, ಕಾಲು ಲೋಟ ಎಣ್ಣೆ, ಮುಕ್ಕಾಲು ಚಮಚ ಅಡುಗೆ ಸೋಡಾ, ಒಂದಿಷ್ಟು ಏಲಕ್ಕಿ. ಕಲಸಿ ಒಳಗಿಟ್ಟು ಮುಚ್ಚಿದೆ. ಹದಿನೈದು ನಿಮಿಷಕ್ಕೆ ಮುಚ್ಚಳ ತೆಗೆದು ನೋಡಿದೆ, ಚೆನ್ನಾಗಿ ಉಬ್ಬಿತ್ತು. ಐದು ನಿಮಿಷ ಬಿಟ್ಟು ಮತ್ತೆ ತೆಗೆದೆ. ಕೊನೆಗೆ ಹೊರಬಂದ ಕೇಕಿನ ನಡುವೆ ಹಳ್ಳ ಬಿದ್ದಿತ್ತು, ಒಳಗೆ ಹಿಟ್ಟು ಹಸಿಯಾಗಿತ್ತು.

ಅಮ್ಮ ನೋಡಿ ಕೇಳಿದಳು: “ಹೆಪ್ಪು ಹಾಕಿದ ಹಾಲನ್ನ ಯಾರಾದ್ರೂ ಮತ್ತೆ ಮತ್ತೆ ಅಲ್ಲಾಡಿಸಿ ನೋಡ್ತಾರೇನೋ?”

ಅವಳು ಹೇಳಿದ್ದರಲ್ಲಿ ವಿಜ್ಞಾನವಿದೆ. ಸೋಡಾ ಮೊಸರಿನ ಹುಳಿಯ ಜೊತೆ ಸೇರಿದಾಗ ಇಂಗಾಲದ ಡೈಆಕ್ಸೈಡ್ ಹುಟ್ಟಿ ಹಿಟ್ಟಿನಲ್ಲಿ ಸಾವಿರಾರು ಸಣ್ಣ ಗುಳ್ಳೆಗಳಾಗುತ್ತವೆ. ಬಿಸಿಗೆ ಅವು ಹಿಗ್ಗುತ್ತವೆ. ಗುಳ್ಳೆಗಳ ಸುತ್ತಲಿನ ಹಿಟ್ಟಿನ ಗೋಡೆ ಬೆಂದು ಗಟ್ಟಿಯಾಗುವುದು ಆಮೇಲೆ. ಅಷ್ಟರೊಳಗೆ ಮುಚ್ಚಳ ತೆಗೆದರೆ ಒಳಗಿನ ಕಾವು ಥಟ್ಟನೆ ಇಳಿಯುತ್ತದೆ, ಹಿಗ್ಗಿದ ಗಾಳಿ ಕುಗ್ಗುತ್ತದೆ, ಇನ್ನೂ ಬಲಿಯದ ಗೋಡೆ ಕುಸಿಯುತ್ತದೆ. ಸಾರಿನಲ್ಲಿ ತಪ್ಪನ್ನು ಒಂದಿಷ್ಟು ತಿದ್ದಬಹುದು, ಉಪ್ಪು ಕಡಿಮೆಯಾದರೆ ಹಾಕಬಹುದು. ಬೇಕಿಂಗ್‌ನಲ್ಲಿ ಮುಚ್ಚಳ ಹಾಕಿದ ಮೇಲೆ ನಮಗೆ ಉಳಿಯುವ ಕೆಲಸ ನಂಬಿ ಕಾಯುವುದೊಂದೇ.

ಮುಂದಿನ ಭಾನುವಾರ ಮತ್ತೆ ಇಟ್ಟೆ. ಈ ಸಲ ಮುಟ್ಟಲಿಲ್ಲ. ಗಡಿಯಾರ ನೋಡುತ್ತಾ ಕೂತೆ. ನಲವತ್ತೈದು ನಿಮಿಷ ಎಂದು ಲೆಕ್ಕ. ಮೂವತ್ತೆಂಟಕ್ಕೇ ಅಮ್ಮ ಹಜಾರದಿಂದ “ಆಯ್ತು ನೋಡು” ಎಂದಳು. ಚಾಕು ಚುಚ್ಚಿ ತೆಗೆದೆ, ಒಂದು ಚೂರೂ ಹಿಟ್ಟು ಅಂಟಿರಲಿಲ್ಲ. ಎಂಬತ್ತೊಂದು ವರ್ಷದಲ್ಲಿ ಒಮ್ಮೆಯೂ ಕೇಕ್ ಮಾಡದ ಹೆಂಗಸು ವಾಸನೆಯಿಂದಲೇ ಹದ ಹೇಳಿದ್ದಳು. ಹಸಿ ಹಿಟ್ಟಿನ ವಾಸನೆ ಹೋಗಿ ಬೆಲ್ಲ ಕೆಂಪಗಾಗುವ ವಾಸನೆ ಬಂದರೆ ಬೆಂದಂತೆ ಎಂಬುದು ಅವಳಿಗೆ ಹೋಳಿಗೆ, ಕಡುಬು, ಮಣ್ಣಿಗಳಿಂದ ಗೊತ್ತಿತ್ತು.

ಹಾಗೆ ನೋಡಿದರೆ ಬೇಕಿಂಗ್ ವಿದ್ಯೆ ನಮಗೆ ಹೊಸದಲ್ಲ. ತುಳುನಾಡಿನ ಕೆಂಡದಡ್ಯೆಯ ಹೆಸರಲ್ಲೇ ಕೆಂಡವಿದೆ. ಅಕ್ಕಿ, ಬೆಲ್ಲ, ತೆಂಗಿನಕಾಯಿಯ ಹಿಟ್ಟಿಗೆ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಓವನ್ ಮಾಡುವುದೂ ಇದನ್ನೇ. ಅಡುಗೆಯ ಬಗ್ಗೆ ಬರೆಯುವುದೂ ನಮಗೆ ಹೊಸದಲ್ಲ. 1025ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಅಡುಗೆಗೆಂದೇ ಒಂದು ಅಧ್ಯಾಯ ಬರೆದ. 1508ರ ಸುಮಾರಿನಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದ. ಕಾವ್ಯ ಬರೆದ ಕೈಯೇ ರೊಟ್ಟಿ, ಪಲ್ಯಗಳ ಪಾಕಕ್ಕೂ ಛಂದಸ್ಸು ಹುಡುಕಿತು ಎಂದರೆ, ಅಡುಗೆಯನ್ನು ಅವರು ಕೀಳೆಂದು ಎಣಿಸಿರಲಿಲ್ಲ. ಮಹಾಭಾರತದ ಭೀಮನನ್ನೂ ನೆನೆಯುತ್ತೇನೆ. ಎಲ್ಲರಿಗಿಂತ ಮುಂಗೋಪಿಯಾದ ಅವನು ವಿರಾಟನ ಅಡುಗೆಮನೆಯಲ್ಲಿ ವಲಲನಾಗಿ ಒಂದು ವರ್ಷ ಕಾದ. ಕಾಯುವುದನ್ನು ಕಲಿಯಲು ಅವನಿಗೂ ಒಲೆಯೇ ಬೇಕಾಯಿತು.

ಅಡುಗೆ ನನಗೆ ಕೊಟ್ಟ ದೊಡ್ಡ ಸಂತೋಷ ರುಚಿಯದು, ಸುಳ್ಳು ಹೇಳುವುದಿಲ್ಲ. ಅದರ ಜೊತೆಗೇ ಒಂದು ಅರಿವೂ ಬಂತು. ಅರವತ್ತು ವರ್ಷ ಅಮ್ಮ ಈ ಒಲೆಯ ಮುಂದೆ ನಿಂತಿದ್ದಳು. ನಾನು ಶಾಲೆಯಿಂದ ಬರುವುದನ್ನು ಕಾದಳು, ಅಪ್ಪ ರಾತ್ರಿ ಪಾಳಿಯಿಂದ ಬರುವುದನ್ನು ಕಾದಳು, ಹಾಲು ಕಾಯುವುದನ್ನು ಕಾದಳು. ನಾವು ಬಂದು ಉಂಡು ಎದ್ದೆವು. ಅದು ಕೆಲಸ ಎಂದು ನನಗೆ ತಿಳಿದದ್ದು ನಾನೇ ಸೌಟು ಹಿಡಿದ ಮೇಲೆ. ಮೊದಲೇ ತಿಳಿಯಬೇಕಿತ್ತು.

ಅಮ್ಮ ಈಗ ಕೋಲು ಹಿಡಿದು ನಡೆಯುತ್ತಾಳೆ. ಬೇಕಾದರೆ ಒಲೆಯ ಮುಂದೆ ನಿಲ್ಲಲೂ ಬಲ್ಲಳು. ಸಾರು ಮಾತ್ರ ಈಗಲೂ ನಾನೇ ಮಾಡುತ್ತೇನೆ.

ನಿಮ್ಮ ಮನೆಯಲ್ಲೂ ಸದ್ದಿನಿಂದ, ವಾಸನೆಯಿಂದ ಹದ ತಿಳಿಯುವ ಹಿರಿಯರೊಬ್ಬರು ಇದ್ದರೆ ಈ ಭಾನುವಾರ ಅವರಿಗೊಂದು ಕುರ್ಚಿ ಹಾಕಿ. ಒಂದೇ ಒಂದು ಅಡುಗೆಯನ್ನು ಅವರಿಂದ ಕೇಳಿ ಮಾಡಿ. ಅವರು ಕೂತಿರಲಿ, ನೀವು ನಿಲ್ಲಿ.