ಮಾಡಿಸಿ ನೋಡಿದರೆ ತಪ್ಪೇನು?

ಊರಿನಲ್ಲಿ ಹೃದಯ ಸೋತ ಹಿರಿಯರಿದ್ದು ನಾವು ದೂರದ ನಗರದಲ್ಲಿದ್ದರೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ: "ಸ್ಟೆಮ್ ಸೆಲ್ ಚಿಕಿತ್ಸೆ ಅಂತ ಇದೆಯಂತೆ, ಮಾಡಿಸಿ ನೋಡಿದರೆ ತಪ್ಪೇನು?" ನನ್ನನ್ನು ಕೇಳಿದ್ದು ದೊಡ್ಡಪ್ಪನ ಮಗ. ಅದಕ್ಕಾಗಿ ಒಂದೆಕರೆ ತೋಟ ಮಾರಲು ಅಣ್ಣ ತಯಾರಿದ್ದ.

ಮೊದಲು ವಿಜ್ಞಾನ. ಹೃದಯದ ಸ್ನಾಯುಕೋಶಗಳು ಹೊಸದಾಗುವುದು ತೀರಾ ನಿಧಾನ. 2009ರಲ್ಲಿ ಸ್ವೀಡನ್ನಿನ ಸಂಶೋಧಕರು ಲೆಕ್ಕ ಹಾಕಿದಂತೆ 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ. 1, 75ರಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಹೃದಯಾಘಾತದಲ್ಲಿ ಸತ್ತ ಭಾಗ ಬರೀ ಕಲೆಯಾಗಿ ಉಳಿಯುತ್ತದೆ. ಹೀಗಿರುವಾಗ 2001ರಲ್ಲಿ ಪಿಯೆರೊ ಅನ್ವೆರ್ಸಾ ಅವರ ತಂಡ, ಅಸ್ಥಿಮಜ್ಜೆಯ ಕೋಶಗಳಿಂದ ಇಲಿಯ ಹೃದಯಸ್ನಾಯು ಮತ್ತೆ ಬೆಳೆಯಿತೆಂದು 'ನೇಚರ್' ಪತ್ರಿಕೆಯಲ್ಲಿ ಬರೆದಾಗ ದೊಡ್ಡ ಆಸೆ ಹುಟ್ಟಿತು. 2004ರಲ್ಲೇ ಬೇರೆ ತಂಡಗಳು ತಮಗೆ ಹಾಗೆ ಕಾಣಲಿಲ್ಲ ಎಂದವು. ಆದರೂ ರೋಗಿಗಳ ಮೇಲಿನ ಪ್ರಯೋಗಗಳು ನಡೆದೇ ಇದ್ದವು. 2018ರಲ್ಲಿ ಹಾರ್ವರ್ಡ್ ಆ ಪ್ರಯೋಗಾಲಯದ 31 ಪ್ರಬಂಧಗಳನ್ನು ಹಿಂಪಡೆಯಬೇಕೆಂದಿತು. ದತ್ತಾಂಶವೇ ಸುಳ್ಳಾಗಿತ್ತು.

ಹಾಗೆಂದು ಈ ದಾರಿಯೇ ಮುಚ್ಚಿಲ್ಲ. ಸ್ಟೆಮ್ ಸೆಲ್‌ನಿಂದ ಬೆಳೆಸಿದ ಹೃದಯಸ್ನಾಯುವಿನ ತೇಪೆಯನ್ನು ಜರ್ಮನಿಯಲ್ಲಿ ರೋಗಿಗಳಿಗೆ ಹಾಕಿ ಪರೀಕ್ಷಿಸುತ್ತಿದ್ದಾರೆ. ಹಾಗಾದರೆ ಅಲ್ಲಿ ಸರಿಯಾದದ್ದು ಇಲ್ಲಿ ತಪ್ಪೇಕೆ?

ನನ್ನ ಕೆಲಸದ ಭಾಷೆಯಲ್ಲಿ ಹೇಳುವುದಾದರೆ ಅದು ಪೈಲಟ್. ಪೈಲಟ್ ಸೋತರೂ ಏಕೆ ಸೋತಿತೆಂದು ದಾಖಲಾಗುತ್ತದೆ, ಮುಂದಿನವನಿಗೆ ದಾರಿಯಾಗುತ್ತದೆ. ಕ್ಲಿನಿಕಲ್ ಟ್ರಯಲ್‌ಗೆ ಒಪ್ಪುವ ರೋಗಿ ತನಗೆ ಗುಣವಾಗದಿದ್ದರೂ ಇನ್ನೊಬ್ಬರಿಗೆ ಏನೋ ಕೊಡುತ್ತಾನೆ. ದುಡ್ಡು ಕೊಟ್ಟು ಕೊಂಡ ಇಂಜೆಕ್ಷನ್ ಸೋತರೆ ಅದು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಅದಕ್ಕೇ ಐಸಿಎಂಆರ್‌ನ 2017ರ ಮಾರ್ಗಸೂಚಿ, ಹೃದ್ರೋಗದಂಥ ಕಾಯಿಲೆಗಳಿಗೆ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಟ್ರಯಲ್‌ನ ಒಳಗೆ ಮಾತ್ರ ಎನ್ನುತ್ತದೆ. ಅಣ್ಣ ವಿಚಾರಿಸಿದ ಕ್ಲಿನಿಕ್ಕಿನವರು ಲಕ್ಷಗಳ ಲೆಕ್ಕವನ್ನು ಥಟ್ಟನೆ ಹೇಳಿದರು. ಟ್ರಯಲ್‌ನ ನೋಂದಣಿ ಸಂಖ್ಯೆ ಕೇಳಿದರೆ ಮಾತು ತೇಲಿಸಿದರು. ಬೇಡ ಎಂದೆ. ತೋಟ ಉಳಿಯಿತು.

ಬೇಡ ಎನ್ನುವುದು ಸುಲಭವಲ್ಲ. ಹತ್ತಿರವಿದ್ದು ನೋಡಿಕೊಳ್ಳಲಾಗದ ನಮಗೆ ದುಡ್ಡು ಕಳಿಸುವುದೇ ಪ್ರೀತಿ ತೋರುವ ದಾರಿ. ದೊಡ್ಡ ಮೊತ್ತ ಕಳಿಸಿದರೆ ಮನಸ್ಸಿನ ಭಾರ ಇಳಿಯುತ್ತದೆ. ಇಂಥ ವ್ಯಾಪಾರ ನಡೆಯುವುದು ರೋಗಿಯ ಆಸೆಯಿಂದ ಮಾತ್ರವಲ್ಲ, ನಮ್ಮ ಈ ಭಾರದಿಂದಲೂ ಹೌದು. ಚಿಕಿತ್ಸೆ ಯಾರ ನೋವಿಗೆ, ಅವರದಕ್ಕೋ ನಮ್ಮದಕ್ಕೋ ಎಂದು ಮೊದಲು ಕೇಳಿಕೊಳ್ಳಬೇಕು.

ಗುಳಿಗೆ ತಪ್ಪದಂತೆ, ಊಟದಲ್ಲಿ ಉಪ್ಪು ಹೆಚ್ಚದಂತೆ, ಕಾಲು ಊದಿದೆಯೇ ಎಂದು ದಿನವೂ ಗಮನಿಸುವಂತೆ ನೋಡಿಕೊಳ್ಳುವುದರಲ್ಲಿ ಪವಾಡವೇನಿಲ್ಲ. ಅದಕ್ಕೆ ಬೇಕಿರುವುದು ತೋಟ ಮಾರಿದ ದುಡ್ಡಲ್ಲ, ನಮ್ಮ ಸಮಯ.