ಗೃಹಲಕ್ಷ್ಮಿಯ ಸೀರೆ

ಕೈಯೆತ್ತಿ ಕೊಡುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಕೊಟ್ಟಮೇಲೆ ಸುಮ್ಮನಿರುವುದು ಕಷ್ಟ. ಒಬ್ಬ ಮನುಷ್ಯನ ವಿಷಯದಲ್ಲಿ ಈ ಮಾತು ಎಷ್ಟು ನಿಜವೋ ಒಂದು ಸಮಾಜದ ವಿಷಯದಲ್ಲಿಯೂ ಅಷ್ಟೇ ನಿಜವೆಂದು ನನಗೆ ಹೊಳೆದದ್ದು ಕಳೆದ ಕಾರ್ತಿಕ ಮಾಸದಲ್ಲಿ, ಒಂದು ಸೀರೆಯ ದೆಸೆಯಿಂದ.

ಬಸವನಗುಡಿಯ ನಮ್ಮ ಮನೆಗೆ ಬೆಳಗಿನ ಕೆಲಸಕ್ಕೆ ಬರುವ ಹೆಂಗಸಿನ ವಾಸ ಹನುಮಂತನಗರದ ಆಚೆಯ ಒಂದು ವಠಾರದಲ್ಲಿ. ಆ ವಠಾರಕ್ಕೆ ಬಾಗಿಲು ಹಲವು, ನಂಬರು ಒಂದೇ. ಆನ್‌ಲೈನಿನಲ್ಲಿ ತರಿಸಿದ ಸಾಮಾನು ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲವೆಂದು ಆಕೆ ನನ್ನ ಹೆಂಡತಿಯನ್ನು ಕೇಳಿ ನಮ್ಮ ಮನೆಯ ವಿಳಾಸವನ್ನೇ ಕೊಟ್ಟಿದ್ದಳು. ಪಾರ್ಸೆಲ್ ಬಂದಾಗ ತೆಗೆದುಕೊಂಡವನು ನಾನು. ಮರುದಿನ ಬೆಳಿಗ್ಗೆ ಆಕೆ ಅದನ್ನು ಅಡುಗೆಮನೆಯ ಬಾಗಿಲಲ್ಲೇ ಕುಳಿತು ಬಿಚ್ಚಿದಳು. ಒಳಗೆ ಮಾವಿನೆಲೆಯ ಹಸುರಿನ ಒಂದು ಸೀರೆ. ಅದಕ್ಕೆ ಜರಿಯಂತೆ ಹೊಳೆಯುವ ಅಂಚು. ಚೀಟಿಯಲ್ಲಿ ಬೆಲೆ 1,149 ರೂಪಾಯಿ.

“ಏನಮ್ಮಾ, ಗೃಹಲಕ್ಷ್ಮಿ ದುಡ್ಡು ಬಂತೋ?” ಎಂದೆ ನಾನು.

ತಮಾಷೆಗೆ ಕೇಳಿದ್ದೆಂದು ಆ ಕ್ಷಣಕ್ಕೆ ಅಂದುಕೊಂಡೆ. ಆಕೆ ಮಾತ್ರ ಸೀರೆಯನ್ನು ಬೇಗಬೇಗನೆ ಮಡಿಸಿ ಚೀಲಕ್ಕೆ ಸೇರಿಸುತ್ತ, “ಹೂಂ ಸಾರ್, ಎರಡು ತಿಂಗಳದು ಒಟ್ಟಿಗೆ ಬಂತು. ಗ್ಯಾಸ್ ತಗೊಂಡೆ, ಚೀಟಿ ದುಡ್ಡು ಕಟ್ಟಿದೆ, ಮಗಳಿಗೆ ನೋಟ್‌ಬುಕ್ಕು ಕೊಡಿಸ್ದೆ, ಮಿಕ್ಕಿದ್ದಕ್ಕೆ...” ಎಂದು ಲೆಕ್ಕ ಒಪ್ಪಿಸತೊಡಗಿದಳು. ನಾನು ಲೆಕ್ಕ ಕೇಳಿರಲಿಲ್ಲ. ಆದರೆ ನನ್ನ ಪ್ರಶ್ನೆಯ ಹೊಟ್ಟೆಯಲ್ಲಿ ಅದು ಇತ್ತೆಂಬುದು ನನಗಿಂತ ಮೊದಲು ಆಕೆಗೆ ತಿಳಿದಿತ್ತು. ತಿಂಗಳು ತಿಂಗಳೂ ನಾವು ಕೊಡುವ ಸಂಬಳವನ್ನು ಆಕೆ ಏನು ಮಾಡಿದಳೆಂದು ನಾನು ಒಂದು ದಿನವೂ ವಿಚಾರಿಸಿದವನಲ್ಲ. ಸರ್ಕಾರ ಕೊಟ್ಟ ಎರಡು ಸಾವಿರಕ್ಕೆ ಮಾತ್ರ ನಾನು ಆಡಿಟರ್ ಆಗಿಬಿಟ್ಟಿದ್ದೆ!

ನನ್ನ ಹೆಂಡತಿ ಮಾತು ತಿರುಗಿಸಲೆಂದು, “ಗಾಂಧಿ ಬಜಾರು ಇಲ್ಲೇ ಇದೆಯಲ್ಲೇ, ಕಣ್ಣಾರೆ ನೋಡಿ, ಮುಟ್ಟಿ ತಗೋಬಹುದಿತ್ತಲ್ಲ?” ಎಂದಳು.

“ಅಂಗಡೀಲಿ ಕಾಲಿಡ್ತಿದ್ದ ಹಾಗೇ ‘ಎಷ್ಟರೊಳಗೆ ತೋರಿಸ್ಲಿ’ ಅಂತಾರಮ್ಮ. ಹತ್ತು ಸೀರೆ ತೆಗೆಸಿದ್ರೆ ಮುಖ ನೋಡ್ತಾರೆ. ಫೋನು ಏನೂ ಕೇಳಲ್ಲ. ರಾತ್ರಿ ಮಲಕ್ಕೊಂಡು ಐವತ್ತು ಸೀರೆ ಬೇಕಾದ್ರೂ ನೋಡಬಹುದು,” ಎಂದು ಆಕೆ ನಕ್ಕಳು.

ಫೋನು ಏನೂ ಕೇಳುವುದಿಲ್ಲ. ಹಣ ಹಾಕಿದ ಸರ್ಕಾರವೂ ಏನೂ ಕೇಳಿರಲಿಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ನಿಯಮ ಸರಳವಾದದ್ದು. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿಯೆಂದು ಯಾರ ಹೆಸರಿದೆಯೋ ಆಕೆಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಆಕೆಯಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾಗಿರಕೂಡದು. ಹಣವನ್ನು ಇಂಥದ್ದಕ್ಕೇ ಖರ್ಚು ಮಾಡತಕ್ಕದ್ದೆಂಬ ಷರತ್ತು ಅದರಲ್ಲಿ ಎಲ್ಲಿಯೂ ಇಲ್ಲ. ಕೇಳದ ಸರ್ಕಾರಕ್ಕೂ ಕೇಳದ ಫೋನಿಗೂ ನಡುವೆ ನಿಂತು ಕೇಳಿದವನು ನಾನೊಬ್ಬನೇ. ನನಗೆ ಕೇಳುವ ಅಧಿಕಾರ ಎಲ್ಲಿಂದ ಬಂತು?

ಸಂಜೆ ಕಹಳೆ ಬಂಡೆಯ ಉದ್ಯಾನದಲ್ಲಿ, ನಾವು ನಾಲ್ವರು ನಿವೃತ್ತರು ಕೂರುವ ಬೆಂಚಿನ ಮೇಲೆ, ಈ ಪ್ರಶ್ನೆಯನ್ನು ಮುಂದಿಟ್ಟೆ. ಉತ್ತರ ತಟ್ಟನೆ ಬಂತು: “ಅದು ನಮ್ಮ ತೆರಿಗೆಯ ಹಣ ಸ್ವಾಮಿ. ಕೇಳದೆ ಬಿಡುವುದುಂಟೆ?” ಎಂದರು ಬ್ಯಾಂಕಿನಲ್ಲಿದ್ದ ಮಿತ್ರರು. ಬೆನ್ನಿಗೇ ವಿಶ್ವೇಶ್ವರಯ್ಯನವರ ಮೇಣದಬತ್ತಿಯ ಕಥೆಯನ್ನೂ ಹೇಳಿದರು. ಸರ್ಕಾರದ ಕೆಲಸಕ್ಕೆ ಸರ್ಕಾರದ ಬತ್ತಿ. ಅದು ಮುಗಿದ ಕೂಡಲೆ ಅದನ್ನು ಆರಿಸಿ, ಸ್ವಂತ ಓದಿಗೆ ಸ್ವಂತ ಬತ್ತಿ. ನಡೆದದ್ದೋ ಜನ ಕಟ್ಟಿದ್ದೋ, ಈ ಕಥೆಯನ್ನು ಹೇಳದ ಮೇಷ್ಟರು ನಮ್ಮ ಸೀಮೆಯಲ್ಲಿಲ್ಲ.

ಕಥೆ ದೊಡ್ಡದೇ. ಆದರೆ ಅದು ಇಲ್ಲಿಗೆ ಹೊಂದುವುದಿಲ್ಲವೆಂದು ನನಗೆ ತೋರಿತು. ದಿವಾನರ ಕೈಯಲ್ಲಿದ್ದ ಬತ್ತಿ ಅವರದಲ್ಲ. ಅವರು ಅದರ ಪಾಲಕರು. ಪರರ ಸ್ವತ್ತನ್ನು ಪಾಲಿಸುವವನು ಲೆಕ್ಕ ಕೊಡಲೇಬೇಕು. ಆ ಹಣವನ್ನು ಖಾತೆಗೆ ಹಾಕುವ ಅಧಿಕಾರಿಯಿಂದ, ಯೋಜನೆ ಮಾಡಿದ ಮಂತ್ರಿಯಿಂದ ನಾವು ಕಟ್ಟುನಿಟ್ಟಾಗಿ ಲೆಕ್ಕ ಕೇಳೋಣ. ಆದರೆ ಯಜಮಾನಿಯ ಖಾತೆಗೆ ಬಿದ್ದಮೇಲೆ ಆ ಬತ್ತಿ ಆಕೆಯದು. ನಮ್ಮಲ್ಲಿ ದಾನವನ್ನು ಧಾರೆಯೆರೆದು ಕೊಡುತ್ತಾರೆ. ಎರೆದ ನೀರನ್ನು ಮತ್ತೆ ಬೊಗಸೆಗೆ ತುಂಬಿಕೊಳ್ಳಲಾಗದು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಿದವನನ್ನು ಗಾದೆ ಹಾಸ್ಯಮಾಡುತ್ತದೆ. ನಾವಾದರೋ ದಾನ ತೆಗೆದುಕೊಂಡವರ ಹಲ್ಲನ್ನೇ ಹಿಡಿದು ನೋಡುತ್ತೇವೆ. ಇನ್ನು ಇದು ದಾನವೇ ಅಲ್ಲ, ಮನೆಯೊಳಗೆ ಸಂಬಳವಿಲ್ಲದೆ ದುಡಿಯುವ ಹೆಣ್ಣಿಗೆ ಸಲ್ಲಬೇಕಾದದ್ದು ಎನ್ನುವವರಿದ್ದಾರೆ. ಹಾಗಾದರಂತೂ ಕೇಳುವ ಮಾತೇ ಇಲ್ಲ. ತೆರಿಗೆ ನಮ್ಮೊಬ್ಬರದೂ ಅಲ್ಲ: ಆಕೆ ಫೋನಿಗೆ ಹಾಕಿಸುವ ರೀಚಾರ್ಜಿನ ಮೇಲೂ ನೂರಕ್ಕೆ ಹದಿನೆಂಟು ಜಿಎಸ್‌ಟಿ ಇದೆ.

ಮೇಷ್ಟರಾಗಿದ್ದ ಇನ್ನೊಬ್ಬ ಮಿತ್ರರ ಆಕ್ಷೇಪ ಹೆಚ್ಚು ತೂಕದ್ದು. “ಕೊಟ್ಟದ್ದು ಕಷ್ಟ ನೀಗಲೆಂದು. ಜರಿಯಂಚಿನ ಸೀರೆಯಿಂದ ಯಾವ ಕಷ್ಟ ನೀಗಿತು?” ಎಂದರು ಅವರು.

ಉದ್ದೇಶಕ್ಕೆ ಕಟ್ಟಿದ ಸಹಾಯ ಲೋಕದಲ್ಲಿ ಇಲ್ಲದೆ ಇಲ್ಲ. ಅಮೆರಿಕದ ರಾಚೆಸ್ಟರ್ ನಗರದಲ್ಲಿ 1939ರ ಮೇ ತಿಂಗಳಲ್ಲಿ ಆಹಾರ ಚೀಟಿಗಳ ಪದ್ಧತಿ ಆರಂಭವಾಯಿತು. ಬಡವರು ಒಂದು ಡಾಲರಿನ ಕಿತ್ತಳೆ ಬಣ್ಣದ ಚೀಟಿ ಕೊಂಡರೆ ಅರ್ಧ ಡಾಲರಿನ ನೀಲಿ ಚೀಟಿ ಉಚಿತ. ನೀಲಿ ಚೀಟಿಗೆ ಸಿಗುತ್ತಿದ್ದದ್ದು ದೇಶದಲ್ಲಿ ಹೆಚ್ಚಾಗಿ ಬೆಳೆದು ಮಿಕ್ಕಿದ ಆಹಾರ ಪದಾರ್ಥ ಮಾತ್ರ. ಆ ಪದ್ಧತಿಯ ಇಂದಿನ ಸಂತತಿಯಲ್ಲಿ ಚೀಟಿಯ ಬದಲು ಕಾರ್ಡು ಬಂದಿದೆ. 2019ರಲ್ಲಿ ನ್ಯೂಯಾರ್ಕ್ ರಾಜ್ಯದಿಂದ ಮೊದಲುಗೊಂಡು ಅದನ್ನು ಆನ್‌ಲೈನ್ ಖರೀದಿಗೂ ಬಿಟ್ಟಿದ್ದಾರೆ. ಆದರೆ ಕೊಳ್ಳಬಹುದಾದದ್ದು ಆಹಾರ ಒಂದೇ; ಅದನ್ನು ಮನೆಗೆ ತಂದುಕೊಟ್ಟ ಕೂಲಿಯನ್ನು ಸಹ ಆ ಹಣದಿಂದ ಕೊಡುವಂತಿಲ್ಲ. ನಮ್ಮ ಪಡಿತರ ಅಕ್ಕಿಯೂ ಇದೇ ಜಾತಿಯದು. ಹಸಿವೆಗೆಂದು ಕೊಟ್ಟ ಅಕ್ಕಿಯನ್ನು ಕಾಳಸಂತೆಗೆ ಮಾರುವುದು ತಪ್ಪೆಂಬುದರಲ್ಲಿ ನನಗೂ ಸಂದೇಹವಿಲ್ಲ.

ಆದರೆ ನಮ್ಮ ಅನುಭವವೇ ಒಂದು ಪಾಠ ಹೇಳಿದೆ. 2023ರ ಜುಲೈಯಲ್ಲಿ ಹೆಚ್ಚುವರಿ ಐದು ಕಿಲೋ ಅಕ್ಕಿ ಒದಗದೆ, ಅನ್ನಭಾಗ್ಯದಲ್ಲಿ ಕಿಲೋಗೆ 34 ರೂಪಾಯಿಯಂತೆ ಒಬ್ಬೊಬ್ಬರಿಗೆ 170 ರೂಪಾಯಿ ಕೊಡತೊಡಗಿದರು; 2025ರ ಮೊದಲ ತಿಂಗಳುಗಳಲ್ಲಿ ಮತ್ತೆ ಅಕ್ಕಿಯೇ ಬಂತು. ಅದು ಅಕ್ಕಿಯಾಗಿದ್ದಾಗ ಅದರ ಉಪಯೋಗವನ್ನು ಸರ್ಕಾರ ನಿಶ್ಚಯಿಸಿತ್ತು. ಹಣವಾಗಿದ್ದಾಗ ಮನೆಯವರು ನಿಶ್ಚಯಿಸಿದರು. ಅಕ್ಕಿ ಕೊಡುವವನು ಹೊಟ್ಟೆಯನ್ನು ನೋಡಿ ಕೊಡುತ್ತಾನೆ. ಹಣ ಕೊಡುವವನು ಬುದ್ಧಿಯನ್ನು ನಂಬಿ ಕೊಡುತ್ತಾನೆ. ಹಣ ಕೊಟ್ಟು, ಆಮೇಲೆ ಅದು ಅಕ್ಕಿಯಂತೆ ನಡೆದುಕೊಳ್ಳಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಇನ್ನು “ಕಷ್ಟ” ಯಾವುದು, “ಅಗತ್ಯ” ಯಾವುದು? ಅರ್ಥಶಾಸ್ತ್ರದ ಪಿತಾಮಹನೆನ್ನಿಸಿಕೊಂಡ ಆಡಂ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ಈ ಪ್ರಶ್ನೆಯನ್ನು ಎತ್ತಿದ್ದಾನೆ. ನಾರುಮಡಿಯ ಅಂಗಿ ಇಲ್ಲದೆಯೂ ಮನುಷ್ಯ ಬದುಕಬಲ್ಲ. ಗ್ರೀಕರೂ ರೋಮನರೂ ಬದುಕಿದ್ದರು. ಆದರೆ ತನ್ನ ಕಾಲದ ಯೂರೋಪಿನ ಕೂಲಿಯವನು ಅಂಥ ಅಂಗಿಯಿಲ್ಲದೆ ನಾಲ್ವರ ನಡುವೆ ಬರಲು ನಾಚುತ್ತಾನಾದ್ದರಿಂದ ಅದೂ ಅಗತ್ಯವೇ ಎಂಬುದು ಅವನ ವಾದ. ಜೀವ ಹಿಡಿಯುವುದಕ್ಕೆ ಬೇಕಾದದ್ದು ಒಂದು ಅಗತ್ಯವಾದರೆ, ತಲೆಯೆತ್ತಿ ಓಡಾಡುವುದಕ್ಕೆ ಬೇಕಾದದ್ದು ಇನ್ನೊಂದು ಅಗತ್ಯ. ನಮ್ಮ ಮನೆಯ ಕೆಲಸದಾಕೆ ವರ್ಷವೆಲ್ಲ ಉಡುವುದು ಬೇರೆಯವರು ಉಟ್ಟು ಕೊಟ್ಟ ಸೀರೆಗಳನ್ನು. ಅವುಗಳಲ್ಲಿ ನನ್ನ ಹೆಂಡತಿಯದೂ ಕೆಲವಿವೆ. ತಾನೇ ಆರಿಸಿದ ಬಣ್ಣದ ಒಂದು ಸೀರೆ ಆಕೆಗೆ ಬೇಕೆನ್ನಿಸಿದರೆ ಅದನ್ನು ದುಂದು ಎನ್ನಲು ನನಗೆ ಬಾಯಿ ಬರಲಿಲ್ಲ.

ಬಾಯಿ ಬಾರದಿರುವುದಕ್ಕೆ ಇನ್ನೂ ಒಂದು ಕಾರಣ ಉಂಟು. 2023ರ ಆಗಸ್ಟಿನಿಂದ ನಮ್ಮ ಮನೆಗೆ ಬರುತ್ತಿರುವ ವಿದ್ಯುತ್ ಬಿಲ್ಲು ಸೊನ್ನೆಯದು. ಗೃಹಜ್ಯೋತಿಗೆ ಬಡವ ಬಲ್ಲಿದನೆಂಬ ಭೇದವಿಲ್ಲ. ತಿಂಗಳಿಗೆ 200 ಯೂನಿಟ್ಟಿನೊಳಗಿದ್ದರೆ ಸಾಕು. ಹೀಗೆ ಉಳಿದ ಎಂಟುನೂರೋ ಒಂಬೈನೂರೋ ರೂಪಾಯಿಯಿಂದ ನಾನು ಏನು ಮಾಡಿದೆ? ಹಾಡು ಕೇಳಲೆಂದು ಕಿವಿಗೆ ಸಿಕ್ಕಿಸುವ ಯಂತ್ರವೊಂದನ್ನು ತರಿಸಿದ್ದೇನೆ, ಅದೂ ಆನ್‌ಲೈನಿನಲ್ಲೇ. ಪಾರ್ಸೆಲ್ ಬಿಚ್ಚುವಾಗ “ಏನ್ರೀ, ಗೃಹಜ್ಯೋತಿ ದುಡ್ಡೋ?” ಎಂದು ಯಾರೂ ಕೇಳಲಿಲ್ಲ. ನಮ್ಮ ಬೆಂಚಿನ ದೊಡ್ಡ ದುಃಖವೆಂದರೆ 2020ರ ಮಾರ್ಚಿಯಲ್ಲಿ ನಿಂತುಹೋದ ರೈಲಿನ ರಿಯಾಯಿತಿ. ಗಂಡಸರಿಗೆ ನೂರಕ್ಕೆ ನಲವತ್ತು, ಹೆಂಗಸರಿಗೆ ಐವತ್ತು ಇತ್ತು; ಅದು ಹೋದದ್ದು ಹಿರಿಯರಿಗಾದ ಅನ್ಯಾಯವೆಂಬುದು ನಮ್ಮ ಒಮ್ಮತದ ಠರಾವು. ನಮಗೆ ಬಂದರೆ ರಿಯಾಯಿತಿ, ಅವರಿಗೆ ಹೋದರೆ ಬಿಟ್ಟಿ! 2025ರ ಫೆಬ್ರವರಿಯ ಬಜೆಟ್ಟಿನಲ್ಲಿ ಹನ್ನೆರಡು ಲಕ್ಷದವರೆಗಿನ ವರಮಾನಕ್ಕೆ ತೆರಿಗೆ ಇಲ್ಲವೆಂದಾಗ, ಮಧ್ಯಮ ವರ್ಗದ ಕೈಯಲ್ಲಿ ಹಣ ಉಳಿದು ಖರೀದಿ ಹೆಚ್ಚಲಿ ಎಂಬುದೇ ಅದರ ಒಂದು ಉದ್ದೇಶವೆಂದರು. ನಾವು ಕೊಂಡರೆ ದೇಶದ ಏಳಿಗೆ. ಆಕೆ ಕೊಂಡರೆ ಅದು ಹೇಗೆ ದುಂದಾದೀತು?

ಬೆಂಚಿನಲ್ಲಿ ಸ್ವಲ್ಪ ಹೊತ್ತು ಮೌನ. ಆಮೇಲೆ ಮೇಷ್ಟರೇ ಬೇರೆ ದಾರಿ ಹಿಡಿದರು: “ಬೆಳಗಾವಿ ಕಡೆ ಒಬ್ಬ ತಾಯಿ ಈ ಹಣ ಕೂಡಿಟ್ಟು ಊರಿಗೆಲ್ಲ ಹೋಳಿಗೆ ಊಟ ಹಾಕಿದರಂತೆ, ಇನ್ನೊಬ್ಬರು ಮಕ್ಕಳಿಗೆ ಗ್ರಂಥಾಲಯ ಮಾಡಿಕೊಟ್ಟರಂತೆ. ಪತ್ರಿಕೆಯಲ್ಲಿ ಬಂದಿತ್ತಲ್ಲ? ಖರ್ಚು ಮಾಡಿದರೆ ಹಾಗೆ ಮಾಡಬೇಕು!”

2024ರಲ್ಲಿ ಬಂದ ಆ ಎರಡು ಸುದ್ದಿಗಳನ್ನು ಓದಿ ನಾನೂ ಕಣ್ಣೊರೆಸಿಕೊಂಡಿದ್ದೆ. ಆದರೆ ಯೋಚಿಸಿದಷ್ಟೂ ಅವು ನನ್ನ ಪಕ್ಷವನ್ನೇ ಹೇಳುವಂತೆ ಕಂಡವು. ಆ ಹಣಕ್ಕೆ “ಅಕ್ಕಿ ಬೇಳೆಗೆ ಮಾತ್ರ” ಎಂಬ ಮುದ್ರೆ ಬಿದ್ದಿದ್ದರೆ ಹೋಳಿಗೆಯ ಊಟವೂ ಇಲ್ಲ, ಗ್ರಂಥಾಲಯವೂ ಇಲ್ಲ. ಪುಸ್ತಕದ ಕಪಾಟಾಗಲು ಆ ಹಣಕ್ಕೆ ಯಾವ ಸ್ವಾತಂತ್ರ್ಯವಿತ್ತೋ ಸೀರೆಯಾಗಲು ಇರುವುದೂ ಅದೇ ಸ್ವಾತಂತ್ರ್ಯ. ಒಂದನ್ನು ಕಿತ್ತುಕೊಂಡರೆ ಇನ್ನೊಂದೂ ಹೋಗುತ್ತದೆ. ನಾವು ಕುಳಿತಿದ್ದ ಜಾಗಕ್ಕೆ ಹತ್ತಿರದಲ್ಲೇ, ಬುಲ್ ಟೆಂಪಲ್ ರಸ್ತೆಯಲ್ಲಿ ಡಿ.ವಿ.ಜಿ. ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿದೆ. 1970ರಲ್ಲಿ ನಾಡು ತಮಗೆ ಗೌರವದಿಂದ ಅರ್ಪಿಸಿದ ಹಣವನ್ನು ಅವರು ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಅದನ್ನು ನೆನೆದು ಇಂದಿಗೂ ಕೈಮುಗಿಯುತ್ತೇವೆ. ಏಕೆ? ಆ ಹಣ ಅವರದಾಗಿತ್ತು. ಮನೆಯ ಖರ್ಚಿಗೆ ಇಟ್ಟುಕೊಂಡಿದ್ದರೂ ಯಾರೂ ಕೇಳುವಂತಿರಲಿಲ್ಲ. ಇಟ್ಟುಕೊಳ್ಳಲು ಬಿಡುವಿದ್ದವನು ಕೊಟ್ಟರೆ ಮಾತ್ರ ಅದು ತ್ಯಾಗ. ತಪ್ಪಾಗಿ ಖರ್ಚು ಮಾಡುವ ಅವಕಾಶವೇ ಇಲ್ಲದವರಿಗೆ ಸರಿಯಾಗಿ ಖರ್ಚು ಮಾಡಿದ ಪುಣ್ಯವೂ ಸಿಗದು.

ಹೀಗೆಂದ ಮಾತ್ರಕ್ಕೆ ಎಲ್ಲ ಖರೀದಿಯೂ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಕೇಳದ ಫೋನು ಕೇಳದೆಯೇ ಕಲಿಸುವುದೂ ಬಹಳ ಇದೆ. ಈ ಸೀರೆ ಇನ್ನೆರಡೇ ಉಳಿದಿದೆ, ಇಂದು ರಾತ್ರಿಯೊಳಗೆ ತೆಗೆದುಕೊಳ್ಳಿ, ಈಗ ಕೊಳ್ಳಿ ಆಮೇಲೆ ಕಂತಿನಲ್ಲಿ ಕಟ್ಟಿ ಎಂದು ಅದು ಪಿಸುಗುಟ್ಟುತ್ತಲೇ ಇರುತ್ತದೆ. ಅಂಗಡಿಯವನ ಕಣ್ಣು ಅವಮಾನ ಮಾಡಿದರೆ ಇದರ ಕಣ್ಣು ಆಸೆ ಹುಟ್ಟಿಸುತ್ತದೆ. ಎರಡು ಸಾವಿರ ಬರುವ ತಿಂಗಳಿದೆ, ಬಾರದ ತಿಂಗಳೂ ಇದೆ. ಕಂತು ಮಾತ್ರ ಯಾವ ತಿಂಗಳೂ ತಪ್ಪುವುದಿಲ್ಲ. ಇದನ್ನು ಆಕೆಗೆ ಹೇಳಬಾರದೆ? ಹೇಳಬಹುದು, ನನ್ನ ಮಗಳಿಗೆ ಹೇಳುವಂತೆ, ಆಕೆ ಕೇಳಿದಾಗ. ಯೋಜನೆಯ ಬಗೆಗೂ ಮಾತಾಡಬೇಕು. 2024-25ರ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 52,000 ಕೋಟಿ ರೂಪಾಯಿ. ಅಷ್ಟು ಹಣ ಶಾಲೆಗೋ ಆಸ್ಪತ್ರೆಗೋ ಹೋಗಬೇಕಿತ್ತೆ ಎಂಬುದು ಪ್ರಜೆಗಳು ಕೇಳಲೇಬೇಕಾದ ಪ್ರಶ್ನೆ. ಅದನ್ನು ವಿಧಾನಸಭೆಯಲ್ಲಿ ಕೇಳಲಿ, ಪತ್ರಿಕೆಯಲ್ಲಿ ಕೇಳಲಿ, ಮತಗಟ್ಟೆಯಲ್ಲಿ ಕೇಳಲಿ. ವಿಧಾನಸೌಧದ ಮುಂದೆ ಕೇಳಬೇಕಾದದ್ದನ್ನು ಅಡುಗೆಮನೆಯ ಬಾಗಿಲಲ್ಲಿ ಪಾರ್ಸೆಲ್ ಬಿಚ್ಚುತ್ತಿರುವ ಒಬ್ಬ ಹೆಂಗಸನ್ನು ಕೇಳುವುದು ಸುಲಭ. ಸುಲಭವೆಂದೇ ನಾನು ಅಲ್ಲಿ ಕೇಳಿದೆ.

ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ. ದೊಡ್ಡ ಬಸವಣ್ಣನ ಗುಡಿಯ ರಸ್ತೆಯುದ್ದಕ್ಕೂ ಕಡಲೆಕಾಯಿಯ ರಾಶಿ, ಪೀಪಿಯ ಸದ್ದು, ಜನವೋ ಜನ. ಆ ನೂಕುನುಗ್ಗಲಿನಲ್ಲಿ ಯಾರೋ “ಸಾರ್!” ಎಂದು ಕೂಗಿದರು. ತಿರುಗಿ ನೋಡಿದರೆ ಮಾವಿನೆಲೆಯ ಹಸುರು ಸೀರೆ, ಮುಡಿಯಲ್ಲಿ ಕಾಕಡ. ಪಕ್ಕದಲ್ಲಿ ಮಗಳು, ಕೈಯಲ್ಲಿ ಒಂದು ಸೇರು ಕಾಯಿ. ಒಂದು ಕ್ಷಣ ನನಗೆ ಆಕೆಯ ಗುರುತೇ ಹತ್ತಲಿಲ್ಲ.

“ಸೀರೆ ಚೆನ್ನಾಗಿದೆಯಮ್ಮ,” ಎಂದೆ. ಬೇರೇನೂ ಕೇಳಲಿಲ್ಲ.

“ಬಣ್ಣ ನಿಲ್ಲತ್ತೋ ಇಲ್ವೋ ಸಾರ್, ಒಂದ್ಸಲ ಒಗೆದು ನೋಡ್ಬೇಕು,” ಎಂದು ಆಕೆ ನಗುತ್ತ, ನನ್ನ ಎರಡೂ ಕೈಗೆ ಕಡಲೆಕಾಯಿ ತುಂಬಿದಳು.