ಇನ್ನೂರ ಹದಿಮೂರನೆಯ ಸ್ಥಾನ

ಕಾಫಿ ಸೀಮೆಯಲ್ಲಿ ಬಾಳುವ ತಮಗೆ ಹೂಮಳೆಯ ವಿಷಯವನ್ನು ವಿವರಿಸಬೇಕಾಗಿಲ್ಲ. ಮೂಡಿಗೆರೆಯ ಕಡೆಯ ತೋಟವಿರಲಿ, ಕಳಸದ ಇಳಿಜಾರಿರಲಿ, ವರ್ಷವಿಡೀ ಗೊಬ್ಬರ ಹಾಕಿ, ಕಳೆ ಕಿತ್ತು, ಚಿಗುರು ತೆಗೆದು, ನೆರಳುಮರಗಳ ಕೊಂಬೆ ಸವರಿದ ಬೆಳೆಗಾರನು ಬೇಸಿಗೆಯ ಆರಂಭದಲ್ಲಿ ಕೈಕಟ್ಟಿ ಆಕಾಶ ನೋಡುತ್ತಾನೆ. ಸಕಾಲದಲ್ಲಿ ಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಬೀಳದಿದ್ದರೆ ಮೊಗ್ಗು ಗಿಡದಲ್ಲಿಯೇ ಕರಗುತ್ತದೆ. ಹಾಗಾದ ವರ್ಷ ಆತನನ್ನು ನಾವಾರೂ ಸೋಮಾರಿಯೆಂದು ಕರೆಯುವುದಿಲ್ಲ. ದುಡಿಮೆ ಅವನದು, ಮಳೆ ಅವನದಲ್ಲ ಎಂಬ ವಿವೇಕ ಈ ಮಣ್ಣಿನಲ್ಲಿಯೇ ಇದೆ. ಆದರೆ ಬೇರೆಯವರ ದುಡಿಮೆಯನ್ನು ತೂಗುವಾಗ ಈ ವಿವೇಕ ನಮ್ಮನ್ನು ಬಿಟ್ಟು ಎಲ್ಲಿಗೆ ಹೋಗುತ್ತದೆ? ಕೆಲವು ಕಾಲದಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆಯಿದು.

ಪ್ರಶ್ನೆಯನ್ನು ಎಬ್ಬಿಸಿದವರು ನಮ್ಮ ನೆರೆಯ ಕಾಫಿ ನಾಡಾದ ಕೊಡಗಿನ ರೋಹನ್ ಬೋಪಣ್ಣ. 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಪಂದ್ಯಾವಳಿಯ ಪುರುಷರ ಡಬಲ್ಸ್ ಪ್ರಶಸ್ತಿಯನ್ನು ಮ್ಯಾಥ್ಯೂ ಎಬ್ಡೆನ್ ಅವರೊಡನೆ ಗೆದ್ದು, ತಮ್ಮ 43ನೆಯ ವಯಸ್ಸಿನಲ್ಲಿ ಡಬಲ್ಸ್ ಆಟಗಾರರ ವಿಶ್ವಪಟ್ಟಿಯ ಮೊದಲ ಸ್ಥಾನಕ್ಕೇರಿದಾಗ ಪತ್ರಿಕೆಗಳೆಲ್ಲ ಅವರ ಛಲವನ್ನು ಹಾಡಿ ಹೊಗಳಿದವು. ಅಷ್ಟು ವಯಸ್ಸಿನಲ್ಲಿ ಮೊದಲ ಬಾರಿಗೆ ಆ ಸ್ಥಾನ ತಲುಪಿದವರು ಮತ್ತೊಬ್ಬರಿಲ್ಲ. ಹೊಗಳಿಕೆ ನ್ಯಾಯವಾದುದೇ. 2025ರ ನವೆಂಬರ್ 1ರಂದು ನಿವೃತ್ತಿ ಘೋಷಿಸಿದಾಗ ಅವರು ನೆನೆದದ್ದು ಮಾತ್ರ ಬೇರೆಯದನ್ನು: ಸರ್ವ್ ಹೊಡೆಯುವ ತೋಳಿಗೆ ಬಲ ಬರಲೆಂದು ಕೊಡಗಿನಲ್ಲಿ ಸೌದೆ ಒಡೆದದ್ದು, ಕಾಫಿ ತೋಟಗಳ ನಡುವೆ ಓಡಿದ್ದು, ಬಿರುಕು ಬಿಟ್ಟ ಅಂಗಣಗಳಲ್ಲಿ ಆಡಿದ್ದು.

ನನ್ನ ಕುತೂಹಲ ಈ ಎರಡು ತುದಿಗಳ ನಡುವಣ ವರ್ಷಗಳ ಮೇಲಿದೆ. ಬೋಪಣ್ಣನವರು ವೃತ್ತಿಪರ ಆಟಗಾರರಾದುದು 2003ರಲ್ಲಿ. ಸಿಂಗಲ್ಸ್‌ನಲ್ಲಿ, ಅಂದರೆ ಅಂಗಣದಲ್ಲಿ ಒಬ್ಬಂಟಿಯಾಗಿ ನಿಂತು ಆಡುವ ಆಟದಲ್ಲಿ, ಅವರು ಏರಿದ ಅತಿ ಎತ್ತರದ ಸ್ಥಾನ 213. ಅದು 2007ರ ಜುಲೈನಲ್ಲಿ. ಮೊದಲ ನೂರರೊಳಗೆ ಅವರು ಎಂದೂ ಬರಲಿಲ್ಲ. ಕ್ರಮೇಣ ಆ ಆಟವನ್ನು ಬದಿಗಿಟ್ಟು ಡಬಲ್ಸ್ ಹಿಡಿದರು. ಅಲ್ಲಿಯೂ ಹಾದಿ ಸುಗಮವಾಗಿರಲಿಲ್ಲ. 2021ರ ಮೊದಲ ತಿಂಗಳುಗಳಲ್ಲಿ ಒಂದೇ ಸಮನೆ ಸೋತು, ಎಲ್ಲವನ್ನೂ ನಿಲ್ಲಿಸಿಬಿಡೋಣವೆಂದು ಯೋಚಿಸಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಮೊಣಕಾಲುಗಳ ಮೃದ್ವಸ್ಥಿ ಸವೆದುಹೋಗಿ, ಅಯ್ಯಂಗಾರ್ ಯೋಗದ ಆಸರೆಯಿಂದ ನಿಂತ ದೇಹ ಅದು.

ಒಂದು ಕ್ಷಣ ಊಹಿಸಿರಿ. ಆ 2021ರಲ್ಲಿ ಅವರು ನಿಲ್ಲಿಸಿಬಿಟ್ಟಿದ್ದರೆ? 2017ರಲ್ಲಿ ಗೇಬ್ರಿಯೇಲಾ ಡಬ್ರೋವ್ಸ್ಕಿಯವರೊಡನೆ ಗೆದ್ದ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಪ್ರಶಸ್ತಿಯೊಂದು ದಾಖಲೆಯಲ್ಲಿ ಉಳಿಯುತ್ತಿತ್ತು. 2007ರಲ್ಲಿಯೇ ನಿಲ್ಲಿಸಿದ್ದರೆ ಅದೂ ಇಲ್ಲ. ಆಗಲೂ ಸೌದೆ ಒಡೆದ ತೋಳು ಅದೇ, ಓಡಿದ ಕಾಲು ಅದೇ. ಆದರೆ ನಾವು ಛಲ ಎಂದು ಕರೆಯುತ್ತಿರುವುದನ್ನು ಆಗ ಹಟ ಎನ್ನುತ್ತಿದ್ದೆವು. ನೆಂಟರಿಷ್ಟರ ಮನೆಯ ಮದುವೆಯಲ್ಲಿ, ಓದು ಬಿಟ್ಟು ಆಟದ ಹಿಂದೆ ಹೋದ ಹುಡುಗ ಎಂದು ಯಾರಾದರೂ ಪಿಸುಗುಡುತ್ತಿದ್ದರು. ಫಲವನ್ನು ಮೊದಲು ನೋಡಿ, ಆಮೇಲೆ ಹಿಂದಕ್ಕೆ ನಡೆದು ಗುಣಕ್ಕೆ ಹೆಸರಿಡುವ ಅಭ್ಯಾಸ ನಮಗೆ ಇಷ್ಟು ಸಹಜವಾಗಿಬಿಟ್ಟಿದೆ.

213 ಎಂಬ ಸಂಖ್ಯೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ತಾಲ್ಲೂಕಿನಲ್ಲಿ 213ನೆಯವನಲ್ಲ, ಇಡೀ ಭೂಮಿಯ ಮೇಲೆ. ಅಂಥ ವೈದ್ಯರೊಬ್ಬರು ಮೂಡಿಗೆರೆಯಲ್ಲಿದ್ದರೆ ದೂರದೂರುಗಳಿಂದ ಜನ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದರು. ಟೆನಿಸ್‌ನಲ್ಲಿಯಾದರೋ ಆ ಸ್ಥಾನದ ಆಸುಪಾಸಿನಲ್ಲಿಯೇ ಹೊಟ್ಟೆಪಾಡಿನ ಗೆರೆ ಹಾದುಹೋಗುತ್ತದೆ. ಈ ಆಟದ ಪ್ರಾಮಾಣಿಕತೆಯನ್ನು ಪರಿಶೀಲಿಸಿದ ಸ್ವತಂತ್ರ ಸಮಿತಿಯೊಂದು 2018ರಲ್ಲಿ ಹೇಳಿದ್ದು ಇದು: ವೃತ್ತಿಪರರೆನಿಸಿಕೊಂಡವರು ಸುಮಾರು 15,000, ಅವರಲ್ಲಿ ಖರ್ಚಿಗೆ ಸಾಕಾಗುವಷ್ಟು ಸಂಪಾದಿಸುವವರು 250ರಿಂದ 350 ಮಂದಿ ಮಾತ್ರ. ಕೆಳಗಿನ ಹಂತದ, 15,000 ಡಾಲರ್ ಒಟ್ಟು ಬಹುಮಾನದ ಪಂದ್ಯಾವಳಿಯಲ್ಲಿ 2019ರ ಪಟ್ಟಿಯಂತೆ ಸಿಂಗಲ್ಸ್ ಗೆದ್ದವನಿಗೆ 2,160 ಡಾಲರ್, ಮೊದಲ ಸುತ್ತಿನಲ್ಲಿ ಸೋತವನಿಗೆ 156 ಡಾಲರ್. ಪ್ರಯಾಣ, ವಸತಿ, ಊಟ, ರ‍್ಯಾಕೆಟ್ಟಿನ ತಂತಿ ಎಲ್ಲವೂ ಅದರಲ್ಲಿಯೇ ಆಗಬೇಕು. ಇದಕ್ಕಿಂತ ಒಂದು ಮೆಟ್ಟಿಲು ಮೇಲಿನ ಪಂದ್ಯಾವಳಿಗಳು 2023ರಲ್ಲಿ ನಮ್ಮ ಮೈಸೂರು, ಧಾರವಾಡ, ಕಲಬುರಗಿಗಳಲ್ಲಿಯೂ ನಡೆದವು. ನೋಡಲು ಹೋದವರೆಷ್ಟು ಮಂದಿ ಎಂದು ಕೇಳಿ ನಾನು ತಮ್ಮನ್ನು ಮುಜುಗರಕ್ಕೀಡುಮಾಡುವುದಿಲ್ಲ, ನಾನೂ ಹೋಗಲಿಲ್ಲ.

ಅದೇ 2023ರಲ್ಲಿ ಭಾರತದ ಅಗ್ರ ಸಿಂಗಲ್ಸ್ ಆಟಗಾರ ಸುಮಿತ್ ನಾಗಲ್, ತಮ್ಮ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು ಸುಮಾರು 900 ಯೂರೋ ಎಂದು ಬಹಿರಂಗವಾಗಿ ಹೇಳಿದರು. 2017ರಲ್ಲಿ ಬೆಂಗಳೂರಿನ ಚಾಲೆಂಜರ್ ಪಂದ್ಯಾವಳಿಯನ್ನು ಗೆದ್ದಿದ್ದವರು ಅವರು. ದೇಶದ ಮೊದಲಿಗನ ಗತಿ ಇದಾದರೆ ಅವನ ಕೆಳಗಿನವರದು ತಮ್ಮ ಊಹೆಗೆ ಬಿಟ್ಟದ್ದು. ಮರುವರ್ಷ ಅವರು ಆಸ್ಟ್ರೇಲಿಯನ್ ಓಪನ್‌ನಲ್ಲಿ ಶ್ರೇಯಾಂಕಿತ ಆಟಗಾರ ಅಲೆಕ್ಸಾಂಡರ್ ಬುಬ್ಲಿಕ್‌ರನ್ನು ಮಣಿಸಿ, 2024ರ ಜುಲೈ ವೇಳೆಗೆ 68ನೆಯ ಸ್ಥಾನ ತಲುಪಿದರು. ಆ 900 ಯೂರೋ ಅಂದಿನಿಂದ ಸ್ಫೂರ್ತಿಕಥೆಯಾಯಿತು. ಅದಕ್ಕೆ ಹಿಂದಿನ ದಿನದವರೆಗೆ ಅದು ಬರೀ ಬಡತನ. 2024ರಲ್ಲಿ ಎಟಿಪಿ ಸಂಸ್ಥೆ ಮೊದಲ 250 ಆಟಗಾರರಿಗೆ ಕನಿಷ್ಠ ವರಮಾನದ ಭರವಸೆಯೊಂದನ್ನು ಪ್ರಯೋಗಕ್ಕೆ ತಂದಿತು: 176ರಿಂದ 250ರವರೆಗಿನವರಿಗೆ ವರ್ಷಕ್ಕೆ 75,000 ಡಾಲರ್. ಸ್ವಾಗತಾರ್ಹವೇ. ಆದರೂ ಗೆರೆಯೆಂದರೆ ಗೆರೆ. 251ನೆಯವನು ಅದರ ಆಚೆಗೆ ನಿಂತಿದ್ದಾನೆ.

ಇಲ್ಲಿ ತಾವೊಂದು ಆಕ್ಷೇಪ ಎತ್ತಬಹುದು. ಫಲವಿಲ್ಲದ ಹಾದಿಯಲ್ಲಿ ನಡೆಯುತ್ತಲೇ ಇರಿ ಎಂದು ಮಕ್ಕಳಿಗೆ ಹೇಳುವುದು ಸರಿಯೇ? ತಂದೆ ಸಾಲ ಮಾಡಿದ್ದಾನೆ, ತಂಗಿಯ ಓದು ನಿಂತಿದೆ, ಮಗ ಮಾತ್ರ ಮುಂದಿನ ಪಂದ್ಯಾವಳಿಯ ಹೆಸರು ಹೇಳುತ್ತಿದ್ದಾನೆ; ಇದೂ ಸದ್ಗುಣವೇ? ಅಲ್ಲ. ಒಬ್ಬನ ಕನಸಿನ ವೆಚ್ಚವನ್ನು ಮತ್ತೊಬ್ಬರು ಮೂಕವಾಗಿ ಭರಿಸುವುದಾದರೆ ಅಲ್ಲಿ ಎದ್ದು ಬರುವುದೇ ಧರ್ಮ. ಬೋಪಣ್ಣನವರೂ ಸಿಂಗಲ್ಸ್ ಬಿಟ್ಟವರೇ ಎಂಬುದನ್ನು ಮರೆಯಬಾರದು. ಆದರೆ ಯಾವಾಗ ಬಿಡಬೇಕೆಂಬ ತೀರ್ಪು ಒಳಗಿದ್ದು ನೋಡುವವನದು. ಫಲಿತಾಂಶದ ಪುಟವನ್ನು ಮಾತ್ರ ತಿರುವುವ ನಮಗೆ ಆ ಅಧಿಕಾರವಿಲ್ಲ.

ಇನ್ನೊಂದು ಮಾತು. 32 ಮಂದಿಯ ಪಂದ್ಯಾವಳಿಯಲ್ಲಿ 31 ಮಂದಿ ಸೋಲಲೇಬೇಕು. ಅದು ಆಟದ ರಚನೆಯೇ. ಕೆಳಗಿನವರು ಚೆನ್ನಾಗಿ ಆಡಿದಷ್ಟೂ ಮೇಲಿನವನ ಗೆಲುವಿಗೆ ಬೆಲೆ. ಮತ್ತು ಒಮ್ಮೊಮ್ಮೆ ಕೆಳಗಿನವನೇ ಎಲ್ಲವನ್ನೂ ಎತ್ತಿ ಹಿಡಿಯಬೇಕಾಗುತ್ತದೆ. 2010ರ ಸೆಪ್ಟೆಂಬರ್‌ನಲ್ಲಿ ಚೆನ್ನೈಯಲ್ಲಿ ಬ್ರೆಜಿಲ್ ವಿರುದ್ಧದ ಡೇವಿಸ್ ಕಪ್ ಹಣಾಹಣಿಯಲ್ಲಿ ಭಾರತ 0–2ರಿಂದ ಹಿಂದಿತ್ತು. ಅಂತರ 2–2 ಆದಾಗ ಕೊನೆಯ ಸಿಂಗಲ್ಸ್ ಆಡಲು ಇಳಿದವರು ಬೋಪಣ್ಣ. ಎದುರಿಗೆ ಸಿಂಗಲ್ಸ್‌ನಲ್ಲಿ ತಮಗಿಂತ ಬಹಳ ಮೇಲಿನ ಸ್ಥಾನದ ರಿಕಾರ್ಡೊ ಮೆಲ್ಲೊ. ಮೂರು ನೇರ ಸೆಟ್‌ಗಳಲ್ಲಿ ಬೋಪಣ್ಣ ಗೆದ್ದರು. ಅಂದು ಕೆಲಸಕ್ಕೆ ಬಂದದ್ದು, ಯಾರೂ ನೋಡದ ವರ್ಷಗಳಲ್ಲಿ ಕಲಿತ ಆ ಒಬ್ಬಂಟಿ ಆಟ.

2007ರ ಜುಲೈ ಪಟ್ಟಿಯಲ್ಲಿ ಅವರ ಹೆಸರಿನ ಮೇಲೆ 212ನೆಯವನೂ ಕೆಳಗೆ 214ನೆಯವನೂ ಇದ್ದರು. ಅವರು ಯಾರೆಂದು ನಾವಾರೂ ಹುಡುಕಿ ನೋಡಿದವರಲ್ಲ. ಮರುದಿನ ಬೆಳಿಗ್ಗೆ ಅವರೂ ಬೂಟು ಕಟ್ಟಿಕೊಂಡು ಅಭ್ಯಾಸಕ್ಕೆ ಹೊರಟಿರಬೇಕು.